ಮೀನು ಸಾಯಲಿ ಎಂದು ಹರಕೆ ಹೊತ್ತ ವೀರಭದ್ರಸ್ವಾಮಿ

ವೀರಭದ್ರಸ್ವಾಮಿಯ ಉದ್ಯೋಗವೇನು ಎಂದು ಯಾರಾದರೂ ಕೇಳಿದರೆ ಅವನ ತಾಯಿ ಗುರುಶಾಂತಮ್ಮ ‘ಮೈಸೂರಿನಲ್ಲಿ ಸರ್ಕಾರಿ ಕೆಲಸ’ ಎಂದಷ್ಟೇ ಹೇಳಿ, ಕೇಳಿದವರ ಕೈಗೆ ಮಜ್ಜಿಗೆ ಲೋಟ ಕೊಟ್ಟು ಮಾತು ಮರೆಸಿಬಿಡುತ್ತಿದ್ದರು. ಪಿರಿಯಾಪಟ್ಟಣದ ಪೇಟೆ ಬೀದಿಯಲ್ಲಿ ಮೂರು ತಲೆಮಾರಿನಿಂದ ಬೆಲ್ಲ, ಮೆಣಸಿನಕಾಯಿ ವ್ಯಾಪಾರ ಮಾಡಿಕೊಂಡು ಬಂದ ಮನೆ. ಎಲ್ಲರ ಕೊರಳಲ್ಲೂ ಲಿಂಗ. ಕೋಳಿಮೊಟ್ಟೆ ಎಂಬ ಮಾತನ್ನೂ ಹೊಸಿಲು ದಾಟಿ ಒಳಗೆ ಬಿಟ್ಟುಕೊಳ್ಳದ ಜನ. ಅಂಥ ಮನೆಯ ಮಗ ಜೀವಂತ ಮೀನು ತಂದು, ಕೆಟ್ಟ ನೀರಿಗೆ ಬಿಟ್ಟು, ಎಷ್ಟು ಹೊತ್ತಿಗೆ ಎಷ್ಟು ಸತ್ತವು ಎಂದು ಬರೆದುಕೊಳ್ಳುತ್ತಾನೆ, ಅದಕ್ಕೆ ಸರ್ಕಾರ ಸಂಬಳವನ್ನೂ ಕೊಡುತ್ತದೆ ಎಂದು ಯಾವ ಬಾಯಲ್ಲಿ ಹೇಳುವುದು?

“ತಿನ್ನೋರಾದ್ರೂ ವಾಸಿ ಕಣೋ ವೀರಾ,” ಎಂದು ಆಕೆ ಒಮ್ಮೆ ಹೇಳಿದ್ದರು. “ಅವ್ರು ಹೊಟ್ಟೆಗೆ ಅಂತ ಕೊಲ್ತಾರೆ. ನೀನು ಎಣಿಸೋಕೆ ಅಂತ ಕೊಲ್ತೀಯಲ್ಲೋ.”

ಆ ಮಾತು ತಾಯಿ ಆಡುವುದಕ್ಕೆ ಮೊದಲೇ ವೀರಭದ್ರಸ್ವಾಮಿಯ ಎದೆಯಲ್ಲಿತ್ತು. ರಸಾಯನಶಾಸ್ತ್ರ ಓದಬೇಕೆಂದು ಮೈಸೂರಿಗೆ ಹೋದವನು, ಕಾಲೇಜಿನಲ್ಲಿ ತಪ್ಪು ಸಾಲಿನಲ್ಲಿ ನಿಂತು, ಕಿಟಕಿಯ ಹತ್ತಿರ ಬಂದ ಮೇಲೆ ಹಿಂದಕ್ಕೆ ಹೋಗಲು ನಾಚಿಕೊಂಡು ಪ್ರಾಣಿಶಾಸ್ತ್ರಕ್ಕೆ ಸೇರಿದ್ದ. ನಮ್ಮ ಕಡೆ ಎಷ್ಟೋ ಜನರ ಹಣೆಬರಹ ಹೀಗೆ ಸಾಲು ತಪ್ಪಿ ನಿಂತಾಗಲೇ ಬರೆದುಹೋಗಿದೆ. ಲೇಖನಿ ಹಿಡಿದವರದಂತೂ ಬಹುಪಾಲು.

ಅವನ ಕೆಲಸದ ಕ್ರಮ ಸರಳವಾಗಿತ್ತು. ಅನುಮಾನದ ನೀರು ಒಂದು ಗಡಿಗೆಗೆ, ಒಳ್ಳೆಯ ನೀರು ಇನ್ನೊಂದು ಗಡಿಗೆಗೆ. ಎರಡಕ್ಕೂ ಬೆರಳುದ್ದದ ಹತ್ತು ಹತ್ತು ಗೆಂಡೆ ಮೀನಿನ ಮರಿ. ನಾಲ್ಕು ದಿನ ಬೆಳಿಗ್ಗೆ ಸಂಜೆ ಇಣುಕಿ ನೋಡುವುದು, ಸತ್ತವನ್ನು ತೆಗೆದು ಎಣಿಸುವುದು. ಗಾಜಿನ ಪಾತ್ರೆಗಳು ನಮ್ಮ ರಸ್ತೆಗಳಲ್ಲಿ ಹುಣಸೂರಿನವರೆಗೂ ಬದುಕುತ್ತಿರಲಿಲ್ಲವಾದ್ದರಿಂದ ಹೋದ ಊರಿನ ಕುಂಬಾರರ ಗಡಿಗೆಯನ್ನೇ ನಂಬಿದ್ದ. ಒಂದೊಂದು ಮೀನು ಸತ್ತಾಗಲೂ ಪುಸ್ತಕದಲ್ಲಿ ಒಂದು ಗೀಟು ಎಳೆದು ‘ಶಿವಶಿವಾ’ ಎನ್ನುತ್ತಿದ್ದ. ಪ್ರಯೋಗಶಾಲೆಯ ಜವಾನ ಕಂಠಪ್ಪ ಇದನ್ನೇ ಅಳತೆಗೋಲು ಮಾಡಿಕೊಂಡಿದ್ದ. “ಸ್ವಾಮಿಗಳು ಬೆಳಿಗ್ಗೆಯಿಂದ ಒಂಬತ್ತು ಸಲ ಶಿವನಾಮ ಹೇಳಿದ್ರು, ನೀರು ಭಾರೀ ಕೆಟ್ಟಿರಬೇಕು” ಎಂದು ಮೇಲಧಿಕಾರಿಗಳಿಗೆ ವರದಿ ಒಪ್ಪಿಸುತ್ತಿದ್ದ.

ಹೀಗೆ ಆರು ವರ್ಷ. ಹುಣಸೂರಿನ ಕಡೆ ಚರ್ಮ ಹದ ಮಾಡುವ ಗುಂಡಿಯ ನೀರು, ಕೃಷ್ಣರಾಜನಗರದ ಕಡೆ ಆಲೆಮನೆಯ ತೊಳೆ ನೀರು. ಹೆಗ್ಗಡದೇವನಕೋಟೆಯ ಕಾಡಂಚಿನ ಎನ್. ಬೇಗೂರಿನಲ್ಲಿ ಒಂದು ಬೇಸಿಗೆ ಪೂರ್ತಿ ಕೂತು, ಹಳ್ಳದ ಮಡುವಿಗೆ ಕಾರೆಕಾಯಿ ಜಜ್ಜಿ ಹಾಕಿ ಮೀನಿಗೆ ಮತ್ತು ಬರಿಸುವವರ ವಿದ್ಯೆಯನ್ನೂ ಕಲಿತು ಬಂದಿದ್ದ. ಕಾರೆಕಾಯಿಯ ವಿಷ ಮೂರು ದಿನದ್ದು, ನಾಲ್ಕನೆಯ ದಿನ ಅದೇ ನೀರಿನಲ್ಲಿ ಮೀನು ಹಾಯಾಗಿ ಈಜುತ್ತದೆ ಎಂಬುದು ಅವನು ತನ್ನ ಕಣ್ಣಾರೆ ಕಂಡು ಬರೆದ ಮೊದಲ ಸತ್ಯ. ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ತಾಯಿಗೆ ತೋರಿಸಿದಾಗ ಆಕೆ ಹೆಸರಿನ ಮೇಲೆ ಬೆರಳಾಡಿಸಿ, ಸಂತೋಷಪಟ್ಟು, ಉಳಿದದ್ದನ್ನು ಓದಿ ಹೇಳಬೇಡ ಎಂದಿದ್ದರು.

ಸ್ವಭಾವತಃ ಅವನು ಅಂಜುಬುರುಕ. ಬಾಗಿಲಿಗೆ ಬೀಗ ಹಾಕಿ, ಬೀದಿಯ ಕೊನೆಗೆ ಹೋಗಿ, ತಿರುಗಿ ಬಂದು ಬೀಗ ಜಗ್ಗಿ ನೋಡುವ ಜಾತಿ. ಅಂಥವನ ತಲೆಗೆ ಸಾವಿರದ ಒಂಬೈನೂರ ಐವತ್ತಾರರ ಏಪ್ರಿಲ್‌ನಲ್ಲಿ ಕಂಚಿನಕೆರೆಯ ಪಂಚಾಯಿತಿಯಿಂದ ಒಂದು ಕಾಗದ ಬಂದು ಬಿತ್ತು.

ಕಂಚಿನಕೆರೆ ಬೆಟ್ಟದಪುರಕ್ಕೆ ಎರಡು ಮೈಲಿ. ಊರ ಕೆರೆಯಲ್ಲಿ ಮೀನೆಲ್ಲ ಒಂದೇ ದಿನ ಹೊಟ್ಟೆ ಮೇಲಾಗಿ ತೇಲಿವೆ. ಬೆಸ್ತರ ಚಿಕ್ಕಮಾದು ಕಾರೆಕಾಯಿ ಹಾಕಿದ್ದಾನೆಂದು ಊರಿನವರ ಅನುಮಾನ. ಅವನ ಮನೆಯಲ್ಲಿ ಒಂದು ಚೀಲ ಕಾರೆಕಾಯಿ ಸಿಕ್ಕಿದೆ. ತಜ್ಞರು ಬಂದು ತೀರ್ಮಾನ ಹೇಳಬೇಕು. ತೀರ್ಮಾನ ಎಂಬ ಮಾತು ಓದಿ ವೀರಭದ್ರಸ್ವಾಮಿ ಕಾಗದವನ್ನು ಮಡಚಿಟ್ಟ, ಮತ್ತೆ ಬಿಚ್ಚಿ ಓದಿದ. ಇಷ್ಟು ದಿನ ಅವನ ಲೆಕ್ಕದಲ್ಲಿ ಸಾಯುತ್ತಿದ್ದದ್ದು ಮೀನು ಮಾತ್ರ.

ಎರಡು ಸೀಮೆಎಣ್ಣೆ ಡಬ್ಬದಲ್ಲಿ ಕಾವೇರಿಯ ಗೆಂಡೆ ಮರಿ ತುಂಬಿಕೊಂಡು ಬಸ್ಸು ಹತ್ತಿದ. ನಿಂತ ನೀರಿನಲ್ಲಿ ಮೀನಿಗೆ ಉಸಿರು ಕಟ್ಟುತ್ತದಾದ್ದರಿಂದ ದಾರಿಯುದ್ದಕ್ಕೂ ಡಬ್ಬದೊಳಗೆ ಕೈಯಾಡಿಸುತ್ತಲೇ ಇರಬೇಕು. ಹುಣಸೂರು ದಾಟುವಷ್ಟರಲ್ಲಿ ಪಕ್ಕದವರ ಪಂಚೆಯೆಲ್ಲ ಒದ್ದೆ.

“ಏನ್ರೀ ಅದು, ಬಸ್ಸಲ್ಲಿ ಪಾತ್ರೆ ತೊಳೀತಿದೀರಾ?” ಎಂದ ಕಂಡಕ್ಟರ್.

“ಮೀನು.”

ಕಂಡಕ್ಟರ್ ಅವನ ಹಣೆಯ ವಿಭೂತಿ ನೋಡಿದ, ಡಬ್ಬ ನೋಡಿದ, ಮತ್ತೆ ವಿಭೂತಿ ನೋಡಿದ. “ಕಾಲ ಕೆಟ್ಟೋಯ್ತು ಬುಡಿ,” ಎಂದು ಮುಂದಕ್ಕೆ ಹೋದ.

ಕಂಚಿನಕೆರೆಯಲ್ಲಿ ಅವನಿಗೆ ಇಳಿಯಲು ಜಾಗ ಪಂಚಾಯಿತಿ ಅಧ್ಯಕ್ಷರಾದ ಷಣ್ಮುಖಪ್ಪನವರ ಮನೆಯೇ. ಅವರೂ ಶಿವಭಕ್ತರು, ಹೊಗೆಸೊಪ್ಪಿನ ಬೇಸಾಯದವರು. ಕೆರೆಯ ಮೇಲಂಚಿನಲ್ಲಿ ಅವರ ಒಟ್ಟಲು ಪಾತಿ, ಅಂದರೆ ಹೊಗೆಸೊಪ್ಪಿನ ಸಸಿ ಎಬ್ಬಿಸುವ ಮಡಿ. ಸಾಕ್ಷಿ ಕೇಳಲು ಬಂದವನು ದೂರು ಕೊಟ್ಟವರ ಮನೆಯಲ್ಲೇ ಉಣ್ಣುವುದು ಸರಿಯೇ ಎಂದು ವೀರಭದ್ರಸ್ವಾಮಿಗೆ ಒಂದು ಅಳುಕು ಹುಟ್ಟಿತು. ಆದರೆ ಊರಿನಲ್ಲಿ ಅವನು ಉಣ್ಣಬಹುದಾದ ಮನೆ ಅದೊಂದೇ. ಹಸಿವು ಅಳುಕನ್ನು ಗೆದ್ದಿತು. ಇದರಲ್ಲಿ ಅವನನ್ನು ಆಡಿಕೊಳ್ಳುವ ಯೋಗ್ಯತೆ ನಮ್ಮಲ್ಲಿ ಯಾರಿಗಿದೆ?

ಷಣ್ಮುಖಪ್ಪನವರ ಜಗಲಿಯ ಗೂಟದಲ್ಲಿ ಒಂದು ಬಲೆ ನೇತುಬಿದ್ದಿತ್ತು.

“ಚಿಕ್ಕಮಾದುಂದು,” ಎಂದರು ಷಣ್ಮುಖಪ್ಪ. ಮೂಗಿಗೆ ಅಂಗವಸ್ತ್ರ ಹಿಡಿದೇ ಮಾತಾಡಿದರು. “ಮನೆಗೆ ಓಗಿ ಕಿತ್ಕೊಂಡು ಬಂದ್ರು ನಮ್ ಉಡುಗ್ರು. ವಾಸ್ನೆ ತಡೆಯೋಕಾಗಾಕಿಲ್ಲ. ಆದ್ರೂ ಪಂಚಾಯ್ತಿ ಅಂದ್ಮೇಲೆ ಮಡಿಕೋಬೇಕಲ್ಲ. ಸ್ವಾಮಾರ ತೀರ್ಮಾನ ಬಂದೇಟ್ಗೆ ಇದನ್ನ ಸುಟ್ಟಾಕಿ, ಅವ್ನು ಜನ್ಮದಲ್ಲಿ ಕೆರೆಗೆ ಇಳೀಬಾರ್ದು ಅಂತ ಮಾಡ್ತೀವಿ.”

“ಅವನು ಮತ್ತೆ ಬದುಕಿಗೆ ಏನು ಮಾಡ್ತಾನೆ ಯಜಮಾನರೆ?”

“ವಿಷ ಆಕೋವಾಗ ಅವ್ನು ಕೇಳಿದ್ನಾ, ನೀವೇನ್ ಕುಡೀತೀರಿ ಅಂತ? ಬಾವಿ ಬತ್ತಿ ತಿಂಗ್ಳಾಯ್ತು, ಇಡೀ ಊರು ಕುಡಿಯೋದು ಆ ಕೆರೆ ನೀರೇ ಕಣ್ರಿ.”

ಅದೂ ನ್ಯಾಯವೇ. ವೀರಭದ್ರಸ್ವಾಮಿ ಲೆಕ್ಕ ಹಾಕಿದ. ಮೀನು ಸತ್ತು ಹನ್ನೆರಡು ದಿನವಾಗಿದೆ. ಕಾರೆಕಾಯಿಯಾಗಿದ್ದರೆ ವಿಷ ಇಷ್ಟರಲ್ಲಿ ಇಳಿದುಹೋಗಿ, ತಾನು ತಂದ ಮೀನು ಕೆರೆ ನೀರಿನಲ್ಲಿ ಬದುಕಬೇಕು. ಸತ್ತರೆ ಅದು ಕಾರೆಕಾಯಿಯಲ್ಲ, ಇನ್ನಾವುದೋ ಗಟ್ಟಿ ವಿಷ. ಎಂದರೆ ಮೀನು ಬದುಕಿದರೆ ಚಿಕ್ಕಮಾದು ಕೆಟ್ಟ, ಮೀನು ಸತ್ತರೆ ಚಿಕ್ಕಮಾದು ಉಳಿದ. ಇದನ್ನು ಕೆರೆ ಏರಿಯ ಮೇಲೆ ನಿಂತು ಚಿಕ್ಕಮಾದುವಿಗೂ ವಿವರಿಸಿದ. ಅವನು ಐವತ್ತರ ಹತ್ತಿರದ ಸಣಕಲ ಆಳು. ತಲೆಗೆ ಕಟ್ಟಿದ ಬಟ್ಟೆ ಬಿಚ್ಚಿ ಕೈಯಲ್ಲಿ ಹಿಡಿದು ಕೇಳಿಸಿಕೊಂಡ.

“ಕಾರೆಕಾಯಿ ನಿನ್ನ ಮನೇಲಿ ಇದ್ದದ್ದು ನಿಜವೋ?”

“ದಿಟ ಸ್ವಾಮಿ. ಅಳ್ಳದ ಮಡುವ್ಗೆ ಆಕ್ತೀನಿ. ನಮ್ಮಪ್ಪನೂ ಆಕ್ತಿದ್ದ. ಕೆರೆಗೆ ಆಕಾಕಿಲ್ಲ. ಉಣ್ಣೋ ತಟ್ಟೇಗೆ ಯಾರಾದ್ರೂ ಉಗೀತಾರಾ?”

“ನನಗೇನು ಗೊತ್ತಪ್ಪಾ. ಮೀನು ಏನು ಹೇಳುತ್ತೋ ಅದೇ.”

“ಅಂಗಾದ್ರೆ ನಿಮ್ ಮೀನು ಸಾಯ್ಲಿ ಅನ್ನಿ,” ಎಂದ ಚಿಕ್ಕಮಾದು. ನಕ್ಕನೋ ಇಲ್ಲವೋ ತಿಳಿಯಲಿಲ್ಲ.

ಅಂದು ಬುಧವಾರ. ಬೇಸಿಗೆಯ ಕೆರೆ ತಳ ಕಂಡು, ನೀರು ಕಾಫಿಯ ಬಣ್ಣಕ್ಕೆ ತಿರುಗಿತ್ತು. ಒಂದು ಗಡಿಗೆಗೆ ಅದನ್ನು ತುಂಬಿಸಿ, ಇನ್ನೊಂದಕ್ಕೆ ಬೆಟ್ಟದಪುರದ ಬಾವಿಯಿಂದ ಗಾಡಿಯಲ್ಲಿ ತರಿಸಿದ ನೀರು ಹಾಕಿಸಿ, ಎರಡನ್ನೂ ಹಿತ್ತಲ ಚಾವಡಿಯಲ್ಲಿಟ್ಟು, ಬಿಸಿಲಿಗೆ ಕಾದ ನೀರು ತಣಿಯಲೆಂದು ಬಿಟ್ಟು ಊಟ ಮಾಡಿ ಮಲಗಿದ. ಸಂಜೆ ಎದ್ದು ಹತ್ತು ಹತ್ತು ಮೀನು ಬಿಟ್ಟ. ಗಡಿಗೆಯ ನೀರು ತಿಳಿಯಾಗಿ ತಳ ಕಾಣುತ್ತಿತ್ತು. ಎಣಿಸಲು ಅನುಕೂಲವಾಯಿತು ಎಂದುಕೊಂಡ.

ಆಮೇಲಿನ ನಾಲ್ಕು ದಿನ ಅವನು ಪಟ್ಟ ಪಾಡು ಮೀನುಗಳೂ ಪಟ್ಟಿರಲಾರವು. ಬೆಳಿಗ್ಗೆ ಬಚ್ಚಲಿಗೆ ಹೋಗಲು ಸರದಿ ಕಾಯುವಾಗ ಎದುರಿಗೆ ಒಂದು ಬಿಳಿ ಬಟ್ಟೆಯ ಪರದೆ. ಅದರ ಮೇಲೆ ತಲೆಕೆಳಗಾಗಿ ಮಾಸಿದ ನೀಲಿ ಅಕ್ಷರಗಳು. ಅದನ್ನೇ ದಿಟ್ಟಿಸುತ್ತಾ ಅವನು ಮೀನನ್ನು ನೆನೆಯುತ್ತಿದ್ದ. ಬಂದು ಇಣುಕಿದರೆ ಹತ್ತಕ್ಕೆ ಹತ್ತೂ ಗರಗರ ತಿರುಗುತ್ತಿವೆ. ಮಧ್ಯಾಹ್ನ ನೋಡಿದರೆ ಹತ್ತು. ಸಂಜೆ ಹತ್ತು. ಸಂತೋಷಪಡಬೇಕೆಂದು ಮನಸ್ಸು ಹೇಳುತ್ತಿತ್ತು, ಗೂಟದ ಮೇಲಿನ ಬಲೆ ಬೇಡ ಎನ್ನುತ್ತಿತ್ತು. ಆರು ವರ್ಷದಲ್ಲಿ ಮೊದಲ ಬಾರಿಗೆ ಶಿವನಾಮವಿಲ್ಲದೆ ಒಂದು ಪರೀಕ್ಷೆ ಮುಗಿಯಿತು. ಭಾನುವಾರ ಸಂಜೆ ಷಣ್ಮುಖಪ್ಪನವರಿಗೆ ಹೇಳಿದ: “ನೀರು ಈಗ ನಿರ್ವಿಷವಾಗಿದೆ. ಕಾರೆಕಾಯಿಯೇ ಇರಬೇಕು.”

“ನಾನೇಳಲಿಲ್ವಾ?” ಎಂದರು ಷಣ್ಮುಖಪ್ಪ. “ನಾಳೆ ಒಂಬತ್ತು ಗಂಟೆಗೆ ಪಂಚಾಯ್ತಿ.”

ಸುದ್ದಿ ಅವನಿಗಿಂತ ಮೊದಲು ಕೆರೆ ಏರಿಗೆ ತಲುಪಿತ್ತು. ಚಿಕ್ಕಮಾದು ಒಂದು ಬಿದಿರಿನ ಕೂಳಿ, ಮೀನು ಹಿಡಿಯುವ ಬುಟ್ಟಿ, ಹಿಡಿದುಕೊಂಡು ಕಾದಿದ್ದ. ಒಳಗೆ ಐದು ಸತ್ತ ಮೀನು.

“ನೀವು ನಂಬೋದು ಮೀನಿನ ಮಾತ್ನೇ ಅಲ್ವಾ ಸ್ವಾಮಿ? ನಾನೂ ಪರೀಕ್ಷೆ ಮಾಡ್ದೆ. ನೆನ್ನೆ ಒತ್ತಾರೆ ಅಳ್ಳದಿಂದ ಐದು ಮೀನು ತಂದು, ಈ ಕೂಳೀಲಿ ಆಕಿ, ಕೆರೇಲಿ ಮುಳುಗ್ಸಿ ಕಟ್ಟಿದ್ದೆ. ನೋಡಿ, ಒಂದೂ ಉಳೀಲಿಲ್ಲ. ನಿಮ್ ಗಡಿಗೇಲಿ ಬದುಕ್ದೋವು ಕೆರೇಲಿ ಯಾಕೆ ಸಾಯ್ತವೆ?”

ಆಪಾದಿತನೇ ತಂದ ಸಾಕ್ಷಿ ಒಪ್ಪುವಂತಿಲ್ಲ ಎಂದು ವೀರಭದ್ರಸ್ವಾಮಿಗೆ ಗೊತ್ತಿತ್ತು. ಅದನ್ನೇ ಗಂಟಲು ಸರಿಪಡಿಸಿಕೊಂಡು ಹೇಳಿದ ಕೂಡ. ಚಿಕ್ಕಮಾದು ಕೂಳಿಯನ್ನು ಅವನ ಕಾಲ ಬಳಿ ಇಟ್ಟು ಹೋದ. ಐದು ಜೊತೆ ಕಣ್ಣು ಮೇಲೆ ನೋಡುತ್ತಿದ್ದವು. ಮೀನಿಗೆ ರೆಪ್ಪೆಯಿಲ್ಲ, ಸತ್ತರೂ ನೋಡುತ್ತಲೇ ಇರುತ್ತದೆ ಎಂಬುದು ಪ್ರಾಣಿಶಾಸ್ತ್ರದ ಮೊದಲ ಪಾಠ. ಅದು ಇಷ್ಟು ತೊಂದರೆ ಕೊಡುತ್ತದೆಂದು ಅಲ್ಲಿ ಹೇಳಿಕೊಟ್ಟಿರಲಿಲ್ಲ.

ಸೋಮವಾರ ಬೆಳಿಗ್ಗೆ ಎಂಟಕ್ಕೆ ತಿಂಡಿಗೆ ಕೂತ. ರಾಗಿರೊಟ್ಟಿ, ಸೋರೆಕಾಯಿ ಪಲ್ಯ. ಷಣ್ಮುಖಪ್ಪನವರ ಮಡದಿ ನೀಲಾಂಬಿಕೆ ಬಡಿಸುತ್ತಿದ್ದರು. ಎರಡು ತುತ್ತು ತಿಂದು ಅವನು ಚೊಂಬೆತ್ತಿ ನೀರು ಕುಡಿದ. ಕುಡಿದವನು ಚೊಂಬಿನೊಳಗೆ ನೋಡಿದ. ತಳದ ತಾಮ್ರ ಹೊಳೆಯುತ್ತಿತ್ತು.

“ಅಮ್ಮಾ, ಇದು ಯಾವ ನೀರು?”

“ಕೆರೇದೇ ಕಣಪ್ಪ. ಇನ್ನೆಲ್ಲಿ ತರಾನ ಈ ಬ್ಯಾಸ್ಗೇಲಿ?”

“ಕೆರೆ ನೀರು ಕಾಫಿ ಇದ್ದಂಗಿದೆಯಲ್ಲ. ಇದು ಹೇಗೆ ಇಷ್ಟು ತಿಳಿ?”

ಆಕೆಗೆ ನಗು ಬಂತು. “ಎಂಥ ಓದು ಓದಿದೀರಿ ನೀವು! ಚಿಲ್ಲದ ಬೀಜ ತೇಯ್ದು ಇಕ್ಕಿದ್ರೆ ಬಗ್ಗಡ ಎಲ್ಲಾ ತಳ ಕಚ್ಕತದೆ. ನಿಮ್ ತಾಯಾರು ತೇಯಾಕಿಲ್ವಾ?”

ತೇಯುತ್ತಿದ್ದರು. ದಿನವೂ ತೇಯುತ್ತಿದ್ದರು. ಗಡಿಗೆಯ ಒಳಮೈಗೆ ಆ ಪುಟ್ಟ ಬೀಜವನ್ನು ಗರಗರನೆ ಉಜ್ಜುವ ಸದ್ದು ಕೇಳಿಯೇ ಅವನು ಹುಟ್ಟಿದಂದಿನಿಂದ ಬೆಳಿಗ್ಗೆ ಎದ್ದದ್ದು. ಅದರಿಂದಲೇ, ಕೆರೆಯಲ್ಲಿ ನೀರು ಕೆಂಪಗಿರುತ್ತದೆ, ಗಡಿಗೆಯಲ್ಲಿ ತಿಳಿಯಾಗಿರುತ್ತದೆ ಎಂಬುದು ಅವನಿಗೆ ಸೂರ್ಯ ಮೂಡುವಷ್ಟೇ ಸಹಜವಾಗಿತ್ತು. ಪರದೇಶದವನೊಬ್ಬ ಬಂದಿದ್ದರೆ ಬುಧವಾರ ಸಂಜೆಯೇ ಕೇಳುತ್ತಿದ್ದ. ಪಿರಿಯಾಪಟ್ಟಣದ ಗುರುಶಾಂತಮ್ಮನ ಮಗನಿಗೆ ಕೇಳಬೇಕೆಂದೇ ಹೊಳೆದಿರಲಿಲ್ಲ.

“ಅಮ್ಮಾ,” ಎಂದ ಮೆಲ್ಲಗೆ. “ನನ್ನ ಮೀನಿನ ಗಡಿಗೆಗೆ…”

“ಅವತ್ತೇ ತೇಯ್ದೆ, ನೀವು ಉಂಡು ಮನಗಿದ್ರಲ್ಲ, ಆಗ. ತಿಳಿ ಬಸಿದು, ಗಡಿಗೆ ತೊಳ್ದು, ಮತ್ತೆ ತುಂಬ್ಸಿ ಇಟ್ಟೆ. ಮನೆಗೆ ಬಂದ ನೆಂಟ್ರಿಗೆ ಬಗ್ಗಡದ ನೀರು ಕೊಡೋದುಂಟಾ? ಮೀನಾದ್ರೇನು, ನಿಮ್ ಜೊತೇಲಿ ಬಂದೋವಲ್ವಾ?”

“ಬಗ್ಗಡ ಏನು ಮಾಡಿದ್ರಿ?”

“ಸೋರೆ ಬಳ್ಳಿ ಬುಡಕ್ಕೆ ಉಯ್ದೆ. ದಿನಾ ಅಲ್ಲಿಗೇ ಉಯ್ಯೋದು. ಏನ್ ಚೆಂದಾಗಿ ಕಾಯಿ ಬುಟ್ಟದೆ ನೋಡಿ. ಈ ಪಲ್ಯ ಅದ್ರುದ್ದೇ.”

ವೀರಭದ್ರಸ್ವಾಮಿ ಪಲ್ಯವನ್ನು ನೋಡಿದ. ನಾಲ್ಕು ದಿನದಿಂದ ಎರಡೆರಡು ಸಲ ಹಾಕಿಸಿಕೊಂಡು ತಿಂದ ಪಲ್ಯ. ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ವಿಷ ಮಣ್ಣಿಗೆ ಅಂಟಿಕೊಂಡಿದ್ದರೆ? ಬಗ್ಗಡ ತಳಕ್ಕೆ ಕೂತಾಗ ವಿಷವೂ ಅದರ ಜೊತೆ ಕೂತಿದ್ದರೆ? ಅವನು ಕೆರೆಯ ನೀರನ್ನು ಪರೀಕ್ಷೆ ಮಾಡಿರಲೇ ಇಲ್ಲ. ನೀಲಾಂಬಿಕೆಯವರ ಅತಿಥಿ ಸತ್ಕಾರವನ್ನು ಪರೀಕ್ಷೆ ಮಾಡಿದ್ದ.

ಕೈ ತೊಳೆಯಲು ಬಚ್ಚಲಿಗೆ ಓಡಿದ. ಎದುರಿಗೆ ಬಿಳಿ ಪರದೆ. ಈ ಸಲ ಕತ್ತನ್ನು ಸೊಟ್ಟಗೆ ಮಾಡಿ, ತಲೆಕೆಳಗಾದ ನೀಲಿ ಅಕ್ಷರಗಳನ್ನು ಓದಿದ. ಡಿ. ಡಿ. ಟಿ.

ನಾಲ್ಕು ದಿನ ಅದನ್ನೇ ನೋಡುತ್ತಾ ನಿಂತಿದ್ದ ವಿಜ್ಞಾನಿ ಅವನು.

“ಅಮ್ಮಾ, ಈ ಬಟ್ಟೆ?”

“ಒಟ್ಟಲು ಪಾತಿ ಹುಳುಕ್ಕೆ ಪುಡಿ ತಂದಿದ್ರಲ್ಲ, ಅದ್ರ ಚೀಲ. ಎಂಥ ಗಟ್ಟಿ ಬಟ್ಟೆ! ಇಪ್ಪತ್ತು ಚೀಲಾನೂ ಕೆರೆ ತೂಬಿನ ತಾವ ನಾನೂ ಆಳುಗ್ಳೂ ಒಗ್ದು ಒಣಾಕಿದ್ವಿ. ಯುಗಾದಿ ಆದ್ ಮಾರ್ನೆ ವಾರ.”

ಮೀನು ಸತ್ತದ್ದೂ ಯುಗಾದಿಯ ಮಾರನೆಯ ವಾರವೇ.

ಒಂಬತ್ತಕ್ಕೆ ಹತ್ತು ನಿಮಿಷವಿತ್ತು. ಜಗಲಿಯಲ್ಲಿ ಆಗಲೇ ಜನ. ಒಳಗಿನಿಂದ ಹೊರಗೆ ಹನ್ನೆರಡು ಹೆಜ್ಜೆ. ಅಷ್ಟರಲ್ಲಿ ವೀರಭದ್ರಸ್ವಾಮಿ ತನ್ನ ಇಡೀ ಬಾಳನ್ನು ನಾಲ್ಕು ಸಲ ಹಿಂದಕ್ಕೂ ಮುಂದಕ್ಕೂ ತಿರುಗಿಸಿ ನೋಡಿದ. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಬಲೆ ಸುಡುತ್ತದೆ, ಅವನು ಬಸ್ಸು ಹತ್ತುತ್ತಾನೆ. ಬಾಯಿಬಿಟ್ಟರೆ ಸರ್ಕಾರದ ತಜ್ಞನ ಮರ್ಯಾದೆ ಊರ ಜಗಲಿಯ ಮೇಲೆ ಬಗ್ಗಡವಾಗುತ್ತದೆ. ಜೊತೆಗೆ ಉಂಡ ಮನೆಗೆ ಎರಡು ಬಗೆದಂತೆ. ಇನ್ನೂ ದೊಡ್ಡ ಭಯ ಬೇರೆಯದೇ: ಈಗ ಅಂದುಕೊಂಡದ್ದೂ ತಪ್ಪಾಗಿದ್ದರೆ?

ಜಗಲಿಗೆ ಬಂದು ನಿಂತ. ಅಂಗಳದ ಕೆಳಗೆ, ಒಬ್ಬನೇ, ಚಿಕ್ಕಮಾದು ಕುಕ್ಕರುಗಾಲಲ್ಲಿ ಕೂತಿದ್ದ. ಬಲೆಯ ಕಡೆ ನೋಡುತ್ತಿರಲಿಲ್ಲ.

“ನಿನ್ನೆ ನಾನು ಹೇಳಿದ್ದು ತಪ್ಪು,” ಎಂದ ವೀರಭದ್ರಸ್ವಾಮಿ. “ಇನ್ನೊಂದು ಪರೀಕ್ಷೆ ಆಗಬೇಕು.”

ಪುಟ್ಟಸ್ವಾಮಿ ಎಂಬ ಗದ್ದೆಯ ರೈತ, ಊರಿನ ಬಾಯಿಬಡುಕ, ಶುರುಮಾಡಿದ. “ಯಾಕೆ ಸ್ವಾಮೀ, ನೆನ್ನೆ ಬದುಕಿದ್ದ ಮೀನು ಬೆಳಗಾನ ಸತ್ತೋದ್ವಾ?”

“ಸತ್ತಿಲ್ಲ. ಅದೇ ತೊಂದರೆ.”

ಜಗಲಿಯೆಲ್ಲ ನಗು. ಷಣ್ಮುಖಪ್ಪ ನಗಲಿಲ್ಲ. “ಒಂದ್ ಮಾತು ಆಡುದ್ ಮೇಲೆ ಅದ್ರಲ್ಲಿ ನಿಲ್ಲಬೇಕು ಸ್ವಾಮಾರೆ. ಆ ಬೆಸ್ತ ನಿಮ್ಗೇನಾದ್ರೂ ತಲೆ ತಿರುಗ್ಸಿದ್ನಾ?”

“ಅವನಲ್ಲ ಯಜಮಾನರೆ. ಒಂದು ಬೀಜ.” ಎಂದು ಚಿಲ್ಲದ ಬೀಜದ ಕತೆಯನ್ನು, ತನ್ನ ಹಗಲು ನಿದ್ದೆಯನ್ನೂ ಮುಚ್ಚಿಡದೆ, ಹೇಳಿದ. ಬಾಗಿಲ ಹಿಂದೆ ನೀಲಾಂಬಿಕೆ ನಾಲಿಗೆ ಕಚ್ಚಿಕೊಂಡರು. ಚೀಲದ ಮಾತನ್ನು ಮಾತ್ರ ಅವನು ಆಡಲಿಲ್ಲ. ಮೀನು ಹೇಳಲಿ, ಆಮೇಲೆ ನೋಡೋಣ ಎಂದುಕೊಂಡ. ಧೈರ್ಯ ಅವನಿಗೆ ಕಂತುಕಂತಾಗಿಯೇ ಬರುತ್ತಿದ್ದದ್ದು.

ಜಗಲಿಯ ಮೇಲೆಯೇ, ಎಲ್ಲರೆದುರು, ನಾಲ್ಕು ಗಡಿಗೆ ಇಟ್ಟರು. ಮೊದಲನೆಯದು ಬೆಟ್ಟದಪುರದ ಬಾವಿ ನೀರು. ಎರಡನೆಯದು ಕೆರೆಯಿಂದ ಈಗ ತಂದ ಕೆಂಪು ನೀರು, ಬೀಜ ಸೋಕದ್ದು. ಮೂರನೆಯದು ಬೀಜ ತೇಯ್ದು ಬಸಿದ ತಿಳಿ. ನಾಲ್ಕನೆಯದಕ್ಕೆ ಆ ತಿಳಿಯ ಕೆಳಗೆ ಉಳಿದ ಬಗ್ಗಡವನ್ನು ಬಾವಿ ನೀರಿನಲ್ಲಿ ಕದಡಿ ಹಾಕಿದರು. ಒಂದೊಂದಕ್ಕೂ ಐದು ಮೀನು. ಯಾರೂ ಕೈ ಹಾಕದ ಹಾಗೆ ಪುಟ್ಟಸ್ವಾಮಿಯೇ ಕಾವಲು.

“ನಾಳೆ ಇದೇ ಹೊತ್ತಿಗೆ ನೋಡುವ,” ಎಂದರು ಷಣ್ಮುಖಪ್ಪ. “ಇದೇ ಕೊನೆ. ಮೂರನೇ ಮಾತು ನಾನು ಕೇಳಾಕಿಲ್ಲ.”

ಆ ಸೋಮವಾರ ವೀರಭದ್ರಸ್ವಾಮಿ ತಿನ್ನಲಿಲ್ಲ, ಕೂರಲಿಲ್ಲ. ಗಂಟೆಗೊಮ್ಮೆ ಇಣುಕಿದ. ಮಧ್ಯಾಹ್ನ ಎರಡಕ್ಕೂ ಇಪ್ಪತ್ತಕ್ಕೆ ಇಪ್ಪತ್ತೂ ಈಜುತ್ತಿದ್ದವು. ನಾಲ್ಕಕ್ಕೂ ಈಜುತ್ತಿದ್ದವು. ಪುಟ್ಟಸ್ವಾಮಿ ಗಡಿಗೆಗೆ ಬಗ್ಗಿ, “ಏನ್ ಆರೋಗ್ಯ ಸ್ವಾಮೀ! ನಮ್ ಕೆರೆ ನೀರು ಇವಕ್ಕೆ ಒಗ್ಗೋಯ್ತು,” ಎಂದು ಹಲ್ಲು ಬಿಟ್ಟ. ವೀರಭದ್ರಸ್ವಾಮಿ ಅಂಗಳಕ್ಕಿಳಿದು ಬೆಟ್ಟದಪುರದ ಬೆಟ್ಟದ ಕಡೆ ತಿರುಗಿದ. ತುದಿಯಲ್ಲಿ ಮಲ್ಲಿಕಾರ್ಜುನನ ಗುಡಿ ಬಿಸಿಲಿಗೆ ಮಂಕಾಗಿ ಕಾಣುತ್ತಿತ್ತು. ಆರು ವರ್ಷ ಒಂದೊಂದು ಸಾವಿಗೂ ಕ್ಷಮೆ ಕೇಳಿದ ಅದೇ ದೇವರನ್ನು ಈಗ ಕೊರಳ ಲಿಂಗ ಹಿಡಿದು ಬೇಡಿಕೊಂಡ: ‘ಅಪ್ಪಾ, ಸಾಯಿಸಪ್ಪಾ. ಎರಡನೇ ಗಡಿಗೆ, ನಾಲ್ಕನೇ ಗಡಿಗೆ. ಸಾಯಿಸಿದರೆ ಅಷ್ಟೂ ಮೆಟ್ಟಿಲು ಬರಿಗಾಲಲ್ಲಿ ಹತ್ತುತ್ತೇನೆ.’

ಬೇಡಿಕೊಂಡ ಮೇಲೆ ತಾನೇ ಬೆಚ್ಚಿದ. ಅಮ್ಮ ಕೇಳಿಸಿಕೊಂಡಿದ್ದರೆ?

ಬೆಳಗಿನ ಜಾವ ನಿದ್ದೆ ಹತ್ತಿದವನನ್ನು ಪುಟ್ಟಸ್ವಾಮಿಯ ಕೂಗು ಎಬ್ಬಿಸಿತು. “ಸ್ವಾಮೀ, ಬನ್ನಿ ಬನ್ನಿ! ಕುಡುದೋರಂಗೆ ಆಡ್ತವೆ!”

ನಾಲ್ಕನೆಯ ಗಡಿಗೆಯಲ್ಲಿ ಮೂರು ಆಗಲೇ ತೇಲಿದ್ದವು. ಉಳಿದ ಎರಡು ಪಕ್ಕಕ್ಕೆ ವಾಲಿ, ಗಡಿಗೆಯ ಗೋಡೆಗೆ ಡಿಕ್ಕಿ ಹೊಡೆದು, ಬೆಚ್ಚಿದಂತೆ ಜಿಗಿದು, ಮತ್ತೆ ವಾಲುತ್ತಿದ್ದವು. ಎರಡನೆಯದರಲ್ಲಿ ಒಂದು ಸತ್ತಿತ್ತು, ಎಲ್ಲಕ್ಕೂ ನಡುಕ ಹತ್ತಿತ್ತು. ಬಾವಿ ನೀರಿನವೂ ತಿಳಿ ನೀರಿನವೂ ಲೋಕದ ಪರಿವೆಯಿಲ್ಲದೆ ತಿರುಗುತ್ತಿದ್ದವು. ಒಂಬತ್ತು ಗಂಟೆಗೆ ಊರು ಸೇರಿದಾಗ ಎರಡನೆಯದೂ ನಾಲ್ಕನೆಯದೂ ಪೂರ್ತಿ ಸತ್ತಿದ್ದವು. ವೀರಭದ್ರಸ್ವಾಮಿ ಹತ್ತು ಗೀಟು ಎಳೆದ. ಹತ್ತು ಸಲ ‘ಶಿವಶಿವಾ’ ಎಂದ. ಅದರಲ್ಲಿ ಎಷ್ಟು ಕ್ಷಮೆ, ಎಷ್ಟು ಕೃತಜ್ಞತೆ ಎಂದು ಅವನಿಗೇ ತಿಳಿಯಲಿಲ್ಲ.

“ಕಾರೆಕಾಯಿ ಹದಿನೆಂಟು ದಿನ ನಿಲ್ಲೋದಿಲ್ಲ,” ಎಂದ. “ಇದು ಬೇರೆ ವಿಷ. ಕೆರೆಯ ಮಣ್ಣಲ್ಲಿ ಕೂತಿದೆ.”

“ಅಂಗಾದ್ರೆ ಆಕ್ದೋರು ಯಾರು?” ಎಂದು ಷಣ್ಮುಖಪ್ಪ ಗುಡುಗಿದರು. “ಹೇಳಿ ಸ್ವಾಮಾರೆ, ಅವ್ನು ಯಾರಾದ್ರೂ ಸರಿ. ಜಗಲಿ ಮೇಲೆ ನಿಲ್ಲಿಸ್ತೀನಿ.”

ವೀರಭದ್ರಸ್ವಾಮಿ ಬಾಯಿ ತೆರೆದ. ಕಂತಿನ ಧೈರ್ಯ ಅಲ್ಲಿಗೆ ಮುಗಿದಿತ್ತು. ಬಾಯಿ ತೆರೆದೇ ಉಳಿಯಿತು.

“ನಿಂತೇ ಇದೀರಲ್ಲ ಜಗಲಿ ಮೇಲೆ,” ಎಂದರು ಬಾಗಿಲಿನಿಂದ ನೀಲಾಂಬಿಕೆ. ಕೈಯಲ್ಲಿ ಬಚ್ಚಲ ಪರದೆಯಿತ್ತು. “ಪುಡಿ ತಂದೋರು ನೀವು, ಚೀಲ ಒಗ್ದೋಳು ನಾನು. ಇಪ್ಪತ್ತು ಚೀಲದಲ್ಲೂ ಮೂಲೆಮೂಲೇಲಿ ಇಡಿ ಇಡಿ ಪುಡಿ ಇತ್ತು. ನೆನ್ನೆ ಇವ್ರು ಆ ಬಟ್ಟೆ ಕತ್ತು ಸೊಟ್ಟ ಮಾಡ್ಕೊಂಡು ಓದೋವಾಗ್ಲೇ ನನ್ನ ಎದೆ ಜಲ್ ಅಂತು. ಉಂಡ ಮನೆ ಅಂತ ಸುಮ್ನಿದಾರೆ ಪಾಪ.”

ಷಣ್ಮುಖಪ್ಪ ಹೆಂಡತಿಯನ್ನು ನೋಡಿದರು, ಪರದೆಯನ್ನು ನೋಡಿದರು, ತೇಲುವ ಮೀನನ್ನು ನೋಡಿದರು. “ಒಳ್ಳೆ ಬಟ್ಟೆ ಅಲ್ವಾ ಅಂತ…” ಎಂದರು. ಗುಡುಗಿದ ದನಿ ಎಲ್ಲಿ ಹೋಯಿತೋ.

ಅವರೇ ಎದ್ದು ಗೂಟದಿಂದ ಬಲೆ ಇಳಿಸಿದರು. “ತಕೋ ಮಾದು.”

ಚಿಕ್ಕಮಾದು ಎದ್ದು ನಿಂತ. ಕೈ ಚಾಚಲಿಲ್ಲ. “ಕಿತ್ಕೊಂಡಿದ್ದು ನಮ್ ಅಟ್ಟೀಲಿ ಯಜಮಾನ್ರೆ, ಎಲ್ರೂ ನೋಡೋವಾಗ. ಅಲ್ಲೇ ತಂದ್ಕೊಡಿ.”

ಷಣ್ಮುಖಪ್ಪನವರ ಮುಖ ಕೆಂಪಾಯಿತು, ಆಮೇಲೆ ಆ ಕೆಂಪು ಇಳಿಯಿತು. ಬಲೆಯನ್ನು ಹೆಗಲ ಮೇಲೆ ಹಾಕಿಕೊಂಡು ಮೆಟ್ಟಿಲಿಳಿದರು. ಅರ್ಧ ಬಲೆ ನೆಲದಲ್ಲಿ ಎಳೆಯುತ್ತಿತ್ತು. ವೀರಭದ್ರಸ್ವಾಮಿ ಓಡಿಹೋಗಿ ಆ ತುದಿಯನ್ನು ಎತ್ತಿಕೊಂಡ. ಕೊರಳಲ್ಲಿ ಲಿಂಗ ಕಟ್ಟಿದ ಇಬ್ಬರು ಮೀನಿನ ಬಲೆ ಹೊತ್ತು ಬೆಸ್ತರ ಬೀದಿಗೆ ಹೋಗುವುದನ್ನು ಕಂಚಿನಕೆರೆ ಅಂದು ಬಾಗಿಲುಬಾಗಿಲಲ್ಲಿ ನಿಂತು ನೋಡಿತು. ಮೂಗಿಗೆ ಬಟ್ಟೆ ಹಿಡಿಯಲು ಇಬ್ಬರಿಗೂ ಕೈ ಬಿಡುವಿರಲಿಲ್ಲ.

“ಸ್ವಾಮಾರೆ,” ಎಂದರು ಷಣ್ಮುಖಪ್ಪ ಅರ್ಧ ದಾರಿಯಲ್ಲಿ, ತಿರುಗದೆಯೇ. “ನಾವು ಕುಡುದ್ವಲ್ಲ ಆ ನೀರ್ನ. ಏನೂ ಆಗಾಕಿಲ್ವಾ?”

“ಬೀಜ ತೇಯ್ದಿದ್ರಲ್ಲ ಅಮ್ಮಾವರು,” ಎಂದ ವೀರಭದ್ರಸ್ವಾಮಿ. “ಮಳೆ ಬಂದು ಕೆರೆ ತುಂಬಿ ಕೋಡಿ ಹೋಗುವವರೆಗೆ ಯಾರೂ ತೇಯದೆ ಕುಡಿ­ಯಬೇಡಿ. ಬೆಟ್ಟದಪುರದಿಂದ ಗಾಡಿಯಲ್ಲಿ ತರಿಸಿದರೆ ಇನ್ನೂ ಒಳ್ಳೇದು.” ನಾಲ್ಕು ಹೆಜ್ಜೆ ನಡೆದು ಸೇರಿಸಿದ: “ಸೋರೆಕಾಯಿ ಮಾತ್ರ ಬೇಡ.”

ಸಂಜೆ ಬೆಟ್ಟ ಹತ್ತಿದ. ಬರಿಗಾಲಲ್ಲಿ, ಮೆಟ್ಟಿಲಿಗೊಮ್ಮೆ ಕೂತು. ಗುಡಿಯಲ್ಲಿ ಪೂಜಾರಿ ಮಂಗಳಾರತಿ ತಟ್ಟೆ ಹಿಡಿದು, “ಏನ್ ಹರಕೆ ತೀರಿಸೋಕೆ ಬಂದ್ರಿ?” ಎಂದು ಕೇಳಿದಾಗ ಅವನಿಗೆ ತಾಯಿಯ ನೆನಪಾಯಿತು.

“ಸರ್ಕಾರಿ ಕೆಲಸದ್ದು,” ಎಂದ.

ಕೆಳಗೆ ಕೆರೆ ಹುಣಿಸೆಹಣ್ಣು ಕಿವುಚಿದ ನೀರಿನ ಬಣ್ಣದಲ್ಲಿ ಬಿದ್ದಿತ್ತು. ಏರಿಯ ಮೇಲೆ ಯಾರೋ ಬಲೆ ಹರಡಿ ಕೂತು ಹರಿದ ಕಡೆ ಹೆಣೆಯುತ್ತಿದ್ದರು. ಹಿಡಿಯಲು ಕೆರೆಯಲ್ಲಿ ಇನ್ನು ಆರು ತಿಂಗಳು ಮೀನಿಲ್ಲ. ಆ ಆರು ತಿಂಗಳು ಚಿಕ್ಕಮಾದು ಏನು ತಿನ್ನುತ್ತಾನೆ ಎಂಬುದಕ್ಕೆ ಯಾವ ಗಡಿಗೆಯಲ್ಲೂ ಉತ್ತರವಿರಲಿಲ್ಲ. ವೀರಭದ್ರಸ್ವಾಮಿ ಇಳಿಯತೊಡಗಿದ. ನಾಲ್ಕು ಮೆಟ್ಟಿಲು ಇಳಿದು, ನಿಂತು, ತಿರುಗಿ ಹತ್ತಿ ಹೋಗಿ ಪೂಜಾರಿಯನ್ನು ಕೇಳಿದ:

“ಇಲ್ಲಿ ಕುಡಿಯುವ ನೀರು ಎಲ್ಲಿಂದ ತರ್ತೀರಿ?”